ಕ್ಯಾಪ್ ಹಲ್ಲಿನ ಬಣ್ಣ

ಬಿಳಿ ಬ್ಲೌಸ್ ಪೀಸ್ ಕೊಡಿ ಎಂದರೆ ಅಂಬುಜಾ ಕೂಡಲೇ ಬಟ್ಟೆ ಕತ್ತರಿಸುತ್ತಿರಲಿಲ್ಲ. ‘ಯಾವ ಬಿಳಿ?’ ಎಂದು ಕೇಳುತ್ತಿದ್ದಳು. ಹಾಲಿನದು ಬೇರೆ, ಮಲ್ಲಿಗೆಯದು ಬೇರೆ, ಕೆನೆಯದು ಬೇರೆ. ನಜರ್‌ಬಾದಿನ ಅವಳ ಮ್ಯಾಚಿಂಗ್ ಸೆಂಟರಿಗೆ ಹೆಂಗಸರು ಸೀರೆ ಹಿಡಿದು ಬರುತ್ತಿದ್ದದ್ದೇ ಅವಳ ಕಣ್ಣನ್ನು ನಂಬಿ. ಸೀರೆಯನ್ನೂ ಬಟ್ಟೆಯ ತಾನನ್ನೂ ಎತ್ತಿಕೊಂಡು ಹೊಸ್ತಿಲಾಚೆ ಹೋಗಿ, ಹಗಲ ಬೆಳಕಲ್ಲಿ ಒಂದರ ಮೇಲೊಂದು ಇಟ್ಟು ನೋಡದೆ ಅವಳು ಕತ್ತರಿ ಮುಟ್ಟುವವಳಲ್ಲ. ಟ್ಯೂಬ್‌ಲೈಟ್ ಸುಳ್ಳು ಹೇಳುತ್ತದೆ ಎಂಬುದು ಆ ಕಸುಬಿನ ಮೊದಲ ಪಾಠ.

ತಂಗಿಯ ಮಗಳು ಸುಚಿತ್ರಾ ಅಂಗಡಿಯ ಹೆಸರಲ್ಲಿ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಳು. ಒಂದು ಸೀರೆ ಹಿಡಿದು, ಅದಕ್ಕೆ ಯಾವ ರವಿಕೆ ಒಪ್ಪುತ್ತದೆ, ಯಾಕೆ ಒಪ್ಪುತ್ತದೆ ಎಂದು ಅಂಬುಜಾ ಹೇಳುವ ಪುಟ್ಟ ವಿಡಿಯೊಗಳು. ಮಂಡ್ಯ, ಹುಣಸೂರಿನಿಂದಲೂ ಜನ ಹುಡುಕಿಕೊಂಡು ಬರತೊಡಗಿದ್ದರು. ಯುಗಾದಿಗೆ ಮುಂಚಿನ ಒಂದು ವಿಡಿಯೊದ ಕೆಳಗೆ ಯಾರೋ ಬರೆದರು: ‘ಆಂಟಿ, ಸೀರೆಗೆ ಮ್ಯಾಚಿಂಗ್ ಸಿಕ್ತು. ನಿಮ್ಮ ಮುಂದಿನ ಹಲ್ಲಿಗೆ ಪಕ್ಕದ ಹಲ್ಲು ಮ್ಯಾಚ್ ಆಗ್ತಿಲ್ವಲ್ಲ?’ ಅದಕ್ಕೆ ನೂರಾರು ನಗುಮುಖಗಳು ಬಿದ್ದವು.

ಅಂದಿನಿಂದ ಅಂಬುಜಾ ಕ್ಯಾಮೆರಾ ಮುಂದೆ ನಿಲ್ಲಲಿಲ್ಲ. ಕೈ ಮಾತ್ರ ತೋರಿಸು ಎಂದಳು. ಕೈಯನ್ನು ಯಾರೂ ನೋಡಲಿಲ್ಲ. ದೂರದ ಗಿರಾಕಿಗಳು ಬರುವುದು ಕಡಿಮೆಯಾಯಿತು. ಬಂದವರೊಡನೆಯೂ ಅವಳು ತುಟಿ ಬಿಗಿಹಿಡಿದೇ ಮಾತಾಡತೊಡಗಿದಳು.

ಬರೆದವನು ಸುಳ್ಳು ಬರೆದಿರಲಿಲ್ಲ. ಮೇಲಿನ ಸಾಲಿನ ಆ ಹಲ್ಲು ಅವಳದಲ್ಲ. ಮೂವತ್ತು ದಾಟಿದ ಹೊಸತರಲ್ಲಿ ಷಟರ್ ಎಳೆಯುವ ಕೊಕ್ಕೆ ಜಾರಿ ಬಾಯಿಗೆ ಬಡಿದಿತ್ತು; ಮುರಿದ ಹಲ್ಲಿನ ಮೇಲೆ ಪಿಂಗಾಣಿ ಕ್ಯಾಪ್ ಕೂರಿಸಿದ್ದರು. ಈಗ ಅವಳಿಗೆ ಐವತ್ತು ಕಳೆದಿದೆ.

ಅವಮಾನ ನಾಲ್ಕು ದಿನಕ್ಕೆ ಆರಿತು. ಕುತೂಹಲ ಆರಲಿಲ್ಲ. ಇಷ್ಟು ಬಣ್ಣ ಬಲ್ಲ ತನಗೆ ತನ್ನ ಬಾಯಿಯೊಳಗಿನ ಬಣ್ಣ ಯಾವುದೆಂದು ಗೊತ್ತಿಲ್ಲವಲ್ಲ? ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅವಳು ಕೆನೆ, ಬೆಣ್ಣೆ, ಹಾಫ್‌ವೈಟ್ ತುಂಡುಗಳನ್ನು ಹಲ್ಲಿಗೆ ಹಿಡಿದು ಕನ್ನಡಿ ಮುಂದೆ ನಿಂತಳು. ಮೂಲೆಯಲ್ಲಿ ಸೀರೆಯಂಚು ಹೊಲಿಯುವ ಪೀಕೋ ಮೆಷಿನ್ ತುಳಿಯುತ್ತಿದ್ದ ಗಂಡ ಕುಮಾರಸ್ವಾಮಿ ಕಾಲು ನಿಲ್ಲಿಸಿದ.

“ಏನೇ, ಹಲ್ಲಿಗೂ ಲೈನಿಂಗ್ ಹಾಕ್ತೀಯಾ?”

“ಸುಮ್ನಿರಿ. ನಿಮ್ಮ ಹಲ್ಲಿಗೆ ಹೊಂದೋ ಬಟ್ಟೆ ಈ ಅಂಗಡೀಲೇ ಇಲ್ಲ. ಗೋಣಿಚೀಲ ತರ್ಬೇಕು.”

“ನಾನೇನು ವಿಡಿಯೊದಲ್ಲಿ ಬರ್ತೀನಾ? ನೋಡು, ಬೆಳ್ಳಗೆ ಮಾಡಿಸ್ತೀನಿ ಅಂತ ಹೊರಡ್ಬೇಡ. ಬ್ಲೀಚ್ ಹಾಕಿದ್ ಬಟ್ಟೆ ಎಷ್ಟು ದಿನ ಬಾಳುತ್ತೆ ಅಂತ ನಿಂಗೆ ನಾನು ಹೇಳ್ಕೊಡ್ಬೇಕಾ?”

ಆ ಮಾತು ಅವಳ ಮನಸ್ಸಿಗೆ ನಾಟಿತು. ಹಾಗಂತ ವಿಷಯ ತಿಳಿಯದೆ ಕೂರುವ ಜಾಯಮಾನವೂ ಅವಳದಲ್ಲ.

ಭಾನುವಾರ ಸುಚಿತ್ರಾ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬೋಗಾದಿಗೆ ಹೋದಳು. ಅಲ್ಲಿ ಸುಚಿತ್ರಾಳ ಗೆಳತಿ ಅಕ್ಷತಾಳ ಹಲ್ಲಿನ ಕ್ಲಿನಿಕ್ಕಿತ್ತು. ಅಕ್ಷತಾ ಮೊದಲು ಹಲ್ಲು ಪರೀಕ್ಷಿಸಿ, ಕಟ್ಟಿದ್ದ ಪಾಚಿಯನ್ನೂ ಕಾಫಿಯ ಕರೆಯನ್ನೂ ತೆಗೆದಳು. “ಇದರಲ್ಲೇ ಸ್ವಲ್ಪ ತಿಳಿಯಾಗುತ್ತೆ ಆಂಟಿ. ಉಳಿದದ್ದು ಹಲ್ಲಿನ ಒಳಗಿನ ಬಣ್ಣ.” ಆಮೇಲೆ ಒಂದು ಪೆಟ್ಟಿಗೆ ಬಿಚ್ಚಿದಳು. ಅದರೊಳಗೆ ಸಾಲಾಗಿ ಪಿಂಗಾಣಿ ಹಲ್ಲುಗಳು, ಒಂದೊಂದಕ್ಕೂ ಒಂದೊಂದು ಬಣ್ಣ.

ಅಂಬುಜಾ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. “ಅಯ್ಯೋ, ಇದು ನಮ್ಮ ಶೇಡ್ ಕಾರ್ಡೇ ಕಣಮ್ಮ! ಹೊರಗೆ ಹೋಗಿ ನೋಡೋಣ್ವಾ?”

“ಕಿಟಕಿ ಹತ್ರ ಬನ್ನಿ, ನಾವೂ ಅಲ್ಲೇ ನೋಡೋದು. ನಿಮ್ಮ ಕೆಂಪು ಸೆರಗಿನ ಮೇಲೆ ಈ ಬೂದು ಬಟ್ಟೆ ಹೊದ್ಕೊಳ್ಳಿ.”

“ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತೆ ಅಂತಾನಾ?”

“ಹೂಂ ಆಂಟಿ. ಇದನ್ನ ನಮಗೆ ಕಾಲೇಜಲ್ಲಿ ಹೇಳ್ಕೊಟ್ರು.”

“ನಂಗೆ ಗಿರಾಕಿಗಳು ಬೈದು ಹೇಳ್ಕೊಟ್ರು.”

ಇಬ್ಬರೂ ಕಿಟಕಿ ಬಳಿ ನಿಂತು ಒಂದೊಂದೇ ಮಾದರಿಯನ್ನು ಹಲ್ಲಿಗೆ ಹಿಡಿದು ನೋಡಿದರು. ಅವಳ ಹಲ್ಲುಗಳು ಹಳದಿ ಕಡೆಯ ಒಂದು ಮಾದರಿಗೆ ಹೊಂದಿದವು. ಕ್ಯಾಪ್ ಅದಕ್ಕಿಂತ ತಿಳಿಯಾದ ಬೇರೊಂದಕ್ಕೆ ಹೊಂದಿತು.

“ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಬಿಳುಪಿನ ಔಷಧಿ ಕ್ಯಾಪಿಗೆ ಹಿಡಿಯಲ್ಲ. ಪೂರ್ತಿ ಬೆಳ್ಳಗೆ ಮಾಡಿದ್ರೆ ಆಗ ಕ್ಯಾಪೇ ಮಂಕಾಗಿ ಕಾಣುತ್ತೆ. ಅದನ್ನೂ ತೆಗೆದು ಹೊಸದು ಹಾಕ್ಬೇಕಾಗುತ್ತೆ.”

ಅಂಬುಜಾಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹತ್ತಿ ಸೀರೆಗೆ ಡೈ ಹಾಕಿಸಿದಾಗ ಪಾಲಿಸ್ಟರ್ ದಾರದ ಅಂಚು ಇದ್ದ ಹಾಗೇ ಉಳಿಯುತ್ತದೆ. ಅವಳ ತಲೆಯಲ್ಲಿ ಬೇರೊಂದು ಪ್ರಶ್ನೆ ಎದ್ದಿತ್ತು.

“ಕ್ಯಾಪಿನ ಬಣ್ಣ ಮೊದಲಿಂದ ಇದೇನಾ?”

“ಪಿಂಗಾಣಿ ಅಷ್ಟಾಗಿ ಬದಲಾಗಲ್ಲ.”

“ಹಾಗಾದ್ರೆ ಹಾಕಿದಾಗ ನನ್ನ ಹಲ್ಲೂ ಇದೇ ಬಣ್ಣ ಇತ್ತು ಅನ್ನು.”

“ಹಾಕಿದ ಡಾಕ್ಟ್ರು ಸರಿಯಾಗಿ ಮ್ಯಾಚ್ ಮಾಡಿದ್ರೆ, ಹೌದು.”

ಸರಿಯಾಗಿಯೇ ಮಾಡಿದ್ದರು. ಕ್ಯಾಪ್ ಹಾಕಿಸಿಕೊಂಡು ಮನೆಗೆ ಬಂದ ದಿನ ಕುಮಾರಸ್ವಾಮಿ ಅವಳ ಬಾಯಿ ತೆರೆಸಿ, ಯಾವುದು ಸುಳ್ಳು ಹಲ್ಲೆಂದು ಹುಡುಕಿ, ತಪ್ಪು ಹಲ್ಲಿಗೆ ಬೆರಳಿಟ್ಟಿದ್ದ. ಇಷ್ಟು ದಿನ ಅವಳು ಆ ಕ್ಯಾಪನ್ನೇ ದೂರಿಕೊಂಡು ಬಂದಿದ್ದಳು. ಬದಲಾದದ್ದು ಅದರ ಅಕ್ಕಪಕ್ಕದವು. ಬಣ್ಣ ಹೋದ ಸೀರೆ ತರುವ ಗಿರಾಕಿಗಳಲ್ಲಿ ಯಾರೋ ಒಬ್ಬರು ಮಾತ್ರ ಅದರ ಹಳೆಯ ತುಂಡೊಂದನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಅಂಥವರ ಕೆಲಸ ಸಲೀಸು. ತನ್ನ ತುಂಡು ತನ್ನ ಬಾಯಲ್ಲೇ ಇತ್ತು!

“ಇದಕ್ಕೆ ಹೊಂದೋವರೆಗೆ ಬಿಳುಪು ಮಾಡಿ, ಅಲ್ಲಿಗೆ ನಿಲ್ಲಿಸೋಕಾಗುತ್ತಾ?”

ಅಕ್ಷತಾ ಮಾದರಿಯನ್ನು ಮತ್ತೊಮ್ಮೆ ಕ್ಯಾಪಿನ ಪಕ್ಕ ಹಿಡಿದು ನೋಡಿದಳು. “ಪ್ರಯತ್ನ ಮಾಡಬಹುದು. ಹಲ್ಲಿನ ಅಚ್ಚು ತಗೊಂಡು ಟ್ರೇ ಮಾಡ್ಕೊಡ್ತೀನಿ. ಜೆಲ್ ಹಾಕ್ಕೊಂಡು ದಿನಾ ಸ್ವಲ್ಪ ಹೊತ್ತು ಇಟ್ಕೋಬೇಕು. ಆಗಾಗ ಬಂದು ತೋರಿಸಿ, ಹೊಂದಿದ ಕೂಡಲೇ ನಿಲ್ಲಿಸೋಣ. ಕರಾರುವಾಕ್ಕಾಗಿ ಅಲ್ಲೇ ನಿಲ್ಲುತ್ತೆ ಅಂತ ಮಾತು ಕೊಡಲ್ಲ.”

“ಹಲ್ಲು ಸವೆಯುತ್ತಾ? ನಮ್ಮೆಜಮಾನ್ರು ಬ್ಲೀಚ್ ಹಾಕಿದ್ ಬಟ್ಟೆ ಕಥೆ ಹೇಳಿ ಹೆದರಿಸಿದಾರೆ.”

“ಹೇಳಿದಷ್ಟೇ ಹಾಕಿದ್ರೆ ಸವೆಯಲ್ಲ. ಕೆಲವು ದಿನ ತಣ್ಣಗಿನದು ತಾಕಿದ್ರೆ ಜುಂ ಅನ್ನಬಹುದು. ಕಾಫಿ ಬಿಡದಿದ್ರೆ ಹಳದಿ ಬಣ್ಣ ನಿಧಾನಕ್ಕೆ ವಾಪಸ್ ಬರುತ್ತೆ.”

“ಕಾಫಿ ಬಿಡಲ್ಲ ಕಣಮ್ಮ. ಅದು ಬೇರೆ ಮಾತು.”

“ಯಾಕ್ ದೊಡ್ಡಮ್ಮ ಅಷ್ಟಕ್ಕೇ ನಿಲ್ಲಿಸ್ತೀಯಾ?” ಸುಚಿತ್ರಾ ನಡುವೆ ಬಾಯಿ ಹಾಕಿದಳು. “ಮಾಡಿಸೋದೇ ಆದ್ರೆ ಪಳಪಳ ಅನ್ನೋ ಹಾಗೆ ಮಾಡಿಸು. ಕ್ಯಾಪೂ ಹೊಸದು ಹಾಕಿಸು.”

“ಆ ಬಿಳುಪು ನಂದಲ್ಲ ಕಣೇ. ಇದು ನಂದು. ಹೋಗಿರೋದನ್ನ ವಾಪಸ್ ಕೇಳ್ತಿದೀನಿ, ಅಷ್ಟೆ.” ಅಂಬುಜಾ ಕುರ್ಚಿಯಲ್ಲಿ ಒರಗಿ ಕೂತಳು. “ತಗೋಳಮ್ಮ ಅಚ್ಚು.”

ಅಕ್ಷತಾ ಗುಲಾಬಿ ಬಣ್ಣದ ಹಿಟ್ಟು ಕಲಸಿ, ಅಚ್ಚಿನ ತಟ್ಟೆಗೆ ತುಂಬಿ, ಅವಳ ಮೇಲ್ದವಡೆಗೆ ಒತ್ತಿ ಹಿಡಿದಳು. ಅಂಬುಜಾಳ ತುಟಿ ಮೇಲಕ್ಕೆ ಮಡಚಿಕೊಂಡಿತು, ಗಲ್ಲದ ಮೇಲೆ ಜೊಲ್ಲು ಇಳಿಯಿತು. ಸುಚಿತ್ರಾ ನಗು ತಡೆಯಲಾರದೆ ಅಭ್ಯಾಸಬಲದಿಂದ ಫೋನ್ ಎತ್ತಿದಳು; ಮರುಕ್ಷಣ ದೊಡ್ಡಮ್ಮ ಬೈಯುತ್ತಾಳೆಂದು ನೆನಪಾಗಿ ಕೆಳಗಿಳಿಸಿದಳು.

ಅಂಬುಜಾ ಮಾತಾಡುವ ಹಾಗಿರಲಿಲ್ಲ. ಕೈ ಎತ್ತಿದಳು. ಫೋನ್ ತೋರಿಸಿದಳು, ಆಮೇಲೆ ಕಿಟಕಿ ತೋರಿಸಿದಳು. ಆ ಕಡೆ ನಿಂತರೆ ಕ್ಯಾಮೆರಾಗೆ ಬೆಳಕು ಎದುರಿಗೆ ಬೀಳುತ್ತದೆ, ಈ ಕಡೆ ಬಂದು ತೆಗೆ ಎಂದು ಬೆರಳಾಡಿಸಿ ಕರೆದಳು.