ಎಡಗೈ ಗವಸು

"ನಿನ್ನ ಗಂಡ ನನ್ನ ಎಡಗೈ ಗವಸು ಇಸ್ಕೊಂಡು ಹೋದ. ಬಲಗೈದೊಂದನ್ನೇ ಇಟ್ಕೊಂಡು ನಾನೇನು ಕುಂಡಿ ಒರೆಸ್ಕೊಳ್ಳಾ?"

ಮೇಸ್ತ್ರಿ ಫಾಕುಂದೋ ಡೇರೆಯ ಬಾಗಿಲಲ್ಲಿ ನಿಂತಿದ್ದ. ನನ್ನ ಗಂಡ ಎಲಿಯೂತೆರಿಯೋನನ್ನು ಹೂತು ಬಂದ ಮಾರನೆಯ ಬೆಳಗು. ನಾನು ಆಳುಗಳಿಗೆ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದೆ. ಕೈ ಎಂದಿನಷ್ಟೇ, ಅವನ ಪಾಲೂ ಸೇರಿಸಿ, ಹಿಟ್ಟು ತೆಗೆದುಕೊಂಡಿತ್ತು.

"ಯಾವ ಗವಸು?"

"ಚರ್ಮದ್ದು. ಆಸ್ಪತ್ರೆಯೋರು ಕೊಟ್ಟಿರ್ತಾರೆ, ಹುಡುಕು. ನಾಳೆ ಅನುದಾನ ಕೊಡೋ ದೊಡ್ಡೋರು ಹಕ್ಕಿ ಕುಣಿಯೋದು ನೋಡಾಕೆ ಬರ್ತಾರೆ. ನನ್ನ ಗಾಡೀಲಿ ಕಾಫಿ ಹಿಡ್ಕೊಂಡು ಕೂತಿರು. ಕಾಲೇಜು ಕಲ್ತೋಳು, ಅವರ ಮುಂದೆ ಮೂಗು ಸುರಿಸ್ಬೇಡ. ಒಂದು ಹಕ್ಕಿ ಎದ್ರೂ ಮುಂದಿನ ಗುಡ್ಡದ ಕೆಲಸ ಹೋಯ್ತು. ಆಮೇಲೆ ಎಲ್ಲಾರೂ ಗ್ವಾಟೆಮಾಲಾಕ್ಕೆ ವಾಪಸ್, ಮಣ್ಣು ತಿನ್ನಾಕೆ."

ಅಮೆರಿಕದ ಒರೆಗಾನ್‌ನ ಈ ಸರ್ಕಾರಿ ಬಯಲಿನಲ್ಲಿ ನಾವು ಜೂನಿಪರ್ ಮರ ಕಡಿಯುತ್ತೇವೆ. ಮರ ನಿಂತಲ್ಲಿ ಗಿಡುಗ ಕೂರುತ್ತದೆ. ಗಿಡುಗ ಕೂತಲ್ಲಿ ಬಯಲುಕೋಳಿ ಮೊಟ್ಟೆಯಿಡುವುದಿಲ್ಲ. ಅಳಿಯುತ್ತಿರುವ ಆ ಹಕ್ಕಿಗೆಂದು ಅನುದಾನ ಬರುತ್ತದೆ, ಅದರ ಜೊತೆ ನಿಯಮವೂ ಬರುತ್ತದೆ. ವಸಂತದ ಬೆಳಗುಗಳಲ್ಲಿ ಗಂಡುಹಕ್ಕಿಗಳು ಹೆಣ್ಣನ್ನು ಸೆಳೆಯಲು ಕುಣಿದು ಮುಗಿಸುವ ತನಕ ಅಲ್ಲಿ ಯಂತ್ರ ಕೂಗಕೂಡದು, ಗಾಡಿ ಓಡಕೂಡದು, ಆಳು ಸುಳಿಯಕೂಡದು. ಅಷ್ಟು ಹೊತ್ತು ನಮ್ಮನ್ನು ಸುಮ್ಮನೆ ಕೂರಿಸಲು ಫಾಕುಂದೋಗೆ ಮನಸ್ಸಿರಲಿಲ್ಲ. ಗರಗಸದ ಯಂತ್ರ ಒಳಗಿಟ್ಟು ಕೊಡಲಿ ಕೊಟ್ಟು, ಕಳ್ಳರ ಹಾಗೆ ಕಳಿಸುತ್ತಿದ್ದ.

ಎಲಿಯೂತೆರಿಯೋ ಸಂಜೆ ಎದೆಯುಬ್ಬಿಸಿ, ಬಾಯಲ್ಲಿ ಪ್ಲಕ್ ಪ್ಲಕ್ ಅನ್ನಿಸಿ, ಆ ಹಕ್ಕಿಗಳ ಹಾಗೆ ಒಲೆಯ ಸುತ್ತ ಕುಣಿಯುತ್ತಿದ್ದ.

ಆಳುಗಳು ಹೋದ ಮೇಲೆ ಆಸ್ಪತ್ರೆಯ ಚೀಲ ಬಿಚ್ಚಿದೆ. ಬೆಲ್ಟು, ಬೂಟು, ಗವಸು. ಗವಸು ರಕ್ತ ಒಣಗಿ ಸೆಟೆದಿತ್ತು. ಅಂಗೈಯ ಉದ್ದಕ್ಕೂ ಹಲ್ಲಿನ ಗುರುತು. ಒಂದೆಡೆ ಚರ್ಮ ತೂತಾಗಿತ್ತು. ಮೇಲಿನ ಸಾಲಿನಲ್ಲಿ ಒಂದು ಹಲ್ಲಿನ ಜಾಗ ಖಾಲಿ. ನಮ್ಮ ಮದುವೆಯ ದಿನ ಎಲಿಯೂತೆರಿಯೋ ಕುಡಿದು ಮೆಟ್ಟಿಲ ಮೇಲೆ ಬಿದ್ದು ಕಳೆದುಕೊಂಡ ಹಲ್ಲು ಅದು.

ಸಂಜೆ ಅದನ್ನು ತೆರೇಸೋ ಮಾಮನ ತಟ್ಟೆಯ ಪಕ್ಕ ಇಟ್ಟೆ. ಎಲಿಯೂತೆರಿಯೋ ಸತ್ತ ದಿನ ಅವನ ಜೋಡಿಗೆ ಮರ ಕಡಿಯುತ್ತಿದ್ದವನು ಈ ಮುದುಕ. ತಟ್ಟೆ ದೂರ ತಳ್ಳಿದ.

"ಇದನ್ನ ಅವನು ಇಸ್ಕೊಂಡಿದ್ನಾ, ಮಾಮ?"

"ಇಸ್ಕೊಂಡಿದ್ದಲ್ಲ ಕಣವ್ವ. ತುರುಕಿದ್ದು." ಬೆರಳಿಂದ ಗವಸಿನ ತೂತು ಮುಟ್ಟಿದ. "ಮರ ಹೆಪ್ಪುಗಟ್ಟಿತ್ತು. ಕೊಡಲಿ ಜಾರಿ ತೊಡೆಗೆ ಬಿತ್ತು. ರಕ್ತ ಚಿಮ್ಮಿ ನನ್ನ ಬಾಯೊಳಗೇ ಬಂತು. ನೊಯೆಮೀ ಅಂತ ನಿನ್ನ ಹೆಸ್ರೇ ಕೂಗ್ದ. ಆ ಬೋಳಿಮಗ ಮೇಸ್ತ್ರಿ ಓಡಿಬಂದು ತನ್ನ ಗವಸು ಕಿತ್ತು ಅವನ ಬಾಯಿಗೆ ಗಿಡಿದ. 'ಹಕ್ಕಿ ಏಳ್ತಾವೆ, ನಾವಿಲ್ಲಿರೋದು ಗೊತ್ತಾಗ್ತದೆ' ಅಂದ. ಗಾಡಿ ತೆಗಿ ಅಂದೆ. 'ಕುಣ್ತ ಮುಗೀಲಿ, ತಡಿಯಲೇ' ಅಂದ."

"ನೀವೇನು ಮಾಡ್ತಿದ್ರಿ?"

"ಕಾಲು ಹಿಡ್ಕೊಂಡಿದ್ದೆ."

"ರಕ್ತ ನಿಲ್ಲಿಸೋಕಾ?"

ಮಾಮ ತಲೆಯೆತ್ತಲಿಲ್ಲ. "ಒದ್ದಾಡ್ದಂಗೆ."

ನಾನು ಅವನ ತಟ್ಟೆ ತೆಗೆದು ತೊಳೆದಿಟ್ಟೆ.

ಮರುದಿನ ಹಕ್ಕಿಗಳು ಬರುವ ಮೊದಲೇ ಗಾಡಿಗಳು ಬಯಲಂಚಿಗೆ ಬಂದು ಸಾಲಾಗಿ ನಿಂತು ಎಂಜಿನ್ ಆರಿಸಿದವು. ಫಾಕುಂದೋ ಸ್ಟೇರಿಂಗ್ ಹಿಂದೆ. ಪಕ್ಕದಲ್ಲಿ ನಾನು, ತೊಡೆಯ ಮೇಲೆ ಕಾಫಿ. ಕಾಫಿಯ ಮೇಜು ಹೊರಲು ಕರೆತಂದಿದ್ದ ಮಾಮ ಅವನ ಹಿಂದಿನ ಸೀಟಿನಲ್ಲಿ.

ಬೆಳಕು ಹರಿಯಿತು. ಹಕ್ಕಿಗಳು ಬಾಲ ಬಿಚ್ಚಿ, ಬಿಳಿಯ ಎದೆ ಉಬ್ಬಿಸಿ ಕುಣಿಯತೊಡಗಿದವು. ಪ್ಲಕ್, ಪ್ಲಕ್. ಪಕ್ಕದ ಗಾಡಿಯಲ್ಲಿ ಕಂಬಳಿ ಹೊದ್ದ ಹೆಂಗಸೊಬ್ಬಳು ದುರ್ಬೀನು ಇಳಿಸಿ ಕಣ್ಣೊರೆಸಿಕೊಂಡಳು.

"ನೋಡು, ಅಳ್ತಾವ್ಳೆ," ಫಾಕುಂದೋ ಪಿಸುಗುಟ್ಟಿದ. "ಮುಂದಿನ ಗುಡ್ಡ ನಮ್ದೇ. ಗವಸು ಸಿಕ್ತೇನೇ?"

"ತಂದೀನಿ."

ಬಾಗಿ ಹಾರ್ನ್ ಒತ್ತಿದೆ. ಕೈ ತೆಗೆಯಲಿಲ್ಲ.

ಬಯಲೆಲ್ಲ ಒಮ್ಮೆಗೇ ಎದ್ದು ಆಕಾಶಕ್ಕೆ ಹೋಯಿತು. ಫಾಕುಂದೋನ ಮುಷ್ಟಿ ನನ್ನ ಮುಖಕ್ಕೆ ಬಡಿಯಿತು. ತುಟಿ ಒಡೆಯಿತು. ಕಾಫಿ ಇಬ್ಬರ ಮೇಲೂ ಚೆಲ್ಲಿತು. ಎರಡನೇ ಏಟಿಗೆ ಕೈಯೆತ್ತಿದ. ಆ ಕೈ ಅಲ್ಲೇ ನಿಂತಿತು. ಹಿಂದಿನಿಂದ ಮಾಮ ಅವನ ಎರಡೂ ತೋಳುಗಳನ್ನು ಸೀಟಿಗೆ ಸೇರಿಸಿ ಎಳೆದು ಹಿಡಿದಿದ್ದ.

"ಬಿಡಲೇ ಮುದಿ ಸೂಳೆಮಗನೆ! ಏ ಹಾದರಗಿತ್ತಿ, ನಿನ್ನ..."

ಬಾಯಿ ಪೂರ್ತಿ ತೆರೆದಿತ್ತು. ಗವಸನ್ನು ಒಳಕ್ಕೆ ಗಿಡಿದೆ, ನನ್ನ ಬೆರಳ ಗೆಣ್ಣು ಅವನ ಹಲ್ಲಿಗೆ ತರಚಿ ಹರಿಯುವ ತನಕ. ಗಂಟಲಲ್ಲಿ ಗೊರಗೊರ ಸದ್ದಾಯಿತು. ಕಾಲು ಒದೆಯತೊಡಗಿದ.

"ತಗೊಳ್ಳಿ," ಅಂದೆ. "ನಿಮ್ಮದು."

"ಕಾಲು ನೀನು ಹಿಡ್ಕೊಳ್ಳವ್ವ," ಅಂದ ಮಾಮ.

ಬಯಲಲ್ಲಿ ನೋಡಲು ಏನೂ ಉಳಿದಿರಲಿಲ್ಲ. ದುರ್ಬೀನುಗಳು ಒಂದೊಂದಾಗಿ ನಮ್ಮ ಕಡೆ ತಿರುಗಿದವು.