ತಳದಲ್ಲಿ ಉಳಿದ ಉಂಗುರ

ಪೆನ್ಸಿಲ್ ಕೆತ್ತಿದ ವಾಸನೆ, ಹೌದು ಪೆನ್ಸಿಲ್ಲೇ, ಗಾಜಿನ ಲೋಟದೊಳಗಿಂದ ಬರುತ್ತಿದೆ, ಮುದುಕ ಮೂಗನ್ನು ಇನ್ನಷ್ಟು ಇಳಿಸಿದ, ಎರಡನೇ ತರಗತಿಗೇ ಶಾಲೆ ಬಿಟ್ಟವನಿಗೆ ಅಕ್ಷರ ಮರೆತುಹೋದರೂ ಈ ವಾಸನೆ ಮರೆತಿಲ್ಲ, ಅದರ ಹಿಂದೆಯೇ ಕಪ್ಪು ದ್ರಾಕ್ಷಿ, ಅದರ ಹಿಂದೆ ಹೊಸ ಚಪ್ಪಲಿಯ ತೊಗಲು — ಫ್ರಾನ್ಸಿನ ಕೆಂಪು ವೈನು ಅಂತೆ ಇದು, ಎಲ್ಲಿಂದ ಹೊರಟು ಎಲ್ಲಿಗೆ ಬಂದು ಈ ಹೋಟೆಲಿನ ಅಡುಗೆಮನೆಯ ಕಟ್ಟೆಯ ಮೇಲೆ ನಿಂತಿದೆ ಮಹರಾಯ. ಏನು ವಾಸನೆ ಬರ್ತಿದೆ ಮಾವ, ಬಿಡಿಸಿ ಹೇಳಿ, ಸೊಸೆ ಕೇಳುತ್ತಿದ್ದಾಳೆ, ಕೈಯಲ್ಲಿ ಸೌಟು, ಕಣ್ಣು ಅವನ ಮುಖದ ಮೇಲೆ, ನಂಗೆ ಸ್ವಲ್ಪ ನೆಗಡಿ ಅದಕ್ಕೇ ಕೇಳ್ದೆ. ನೆಗಡಿಯಂತೆ. ನಾಲ್ಕು ತಿಂಗಳ ಹಿಂದಿನ ಜ್ವರ ಅವಳ ಮೂಗನ್ನು ಒಯ್ದಿದೆ ಎಂದು ಅವನಿಗೆ ಗೊತ್ತಿಲ್ಲವೇ, ಅವತ್ತು ಮನೆಯಲ್ಲಿ ಹಾಲು ಸೀದು ಕಮಟು ಬೀದಿಯವರೆಗೂ ಹೋಗಿದ್ದರೂ ಒಲೆಗೆ ಬೆನ್ನು ಹಾಕಿ ಸುಮ್ಮನೆ ಹಿಟ್ಟು ನಾದುತ್ತಿದ್ದಳಲ್ಲ, ಅವನೇ ಒಲೆ ಆರಿಸಿ, ಪಾತ್ರೆ ತಿಕ್ಕಿ, ಬೋರಲು ಹಾಕಿ, ಬಾಯಿ ಬಿಟ್ಟಿರಲಿಲ್ಲ. ಆಮೇಲೆ ದಿನಾ ನೋಡಿದ್ದಾನೆ, ಈರುಳ್ಳಿಯನ್ನು ಕಿವಿಯಿಂದ ಹುರಿಯುತ್ತಾಳೆ, ಚರಚರ ತಗ್ಗಿದರೆ ಉರಿ ತಗ್ಗಿಸುತ್ತಾಳೆ, ಮಾಂಸದ ಹದವನ್ನು ಹೆಬ್ಬೆರಳಿನಿಂದ ಒತ್ತಿ ಹೇಳುತ್ತಾಳೆ, ಉಪ್ಪು ಅಂಗೈಗೆ ಗೊತ್ತು, ನಾಲ್ಕು ತಿಂಗಳಲ್ಲಿ ಒಂದು ತಟ್ಟೆಯೂ ತಿರುಗಿ ಬಂದಿಲ್ಲ — ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸುವ ಹೆಂಗಸು ಇವಳು, ಎದುರಿಗೆ ಹೇಳಿದರೆ ನಾಚಿಕೊಂಡಾಳು. ಇವತ್ತು ಮಧ್ಯಾಹ್ನ ಹೋಟೆಲಿನ ಯಜಮಾನರು ಊಟಕ್ಕೆ ಕೂರುತ್ತಾರೆ, ಈ ವೈನಿಗೆ ಒಪ್ಪುವ ಅಡುಗೆ ಆಗದಿದ್ದರೆ ಒಲೆ ಹೊರಗಿನ ಅಡುಗೆಯವನ ಪಾಲಾಗುತ್ತದೆ, ಹಾಗೆಂದು ಮೊನ್ನೆಯೇ ಅಂದಿದ್ದಾರೆ.

ಒಂದು ಗುಟುಕು — ಅಯ್ಯೋ, ಒಗರು, ಕುದ್ದು ಕುದ್ದು ಕಪ್ಪಾದ ಚಹಾ ಕುಡಿದಂತೆ ನಾಲಿಗೆ ಸುರುಟಿಕೊಂಡಿತು, ಮೂಗಿಗೆ ಅಷ್ಟು ಒಳ್ಳೆಯದು ಬಾಯಿಗೆ ಯಾಕೆ ಹೀಗೆ, ಬಾಟಲಿ ಮುಟ್ಟಿದ, ಮಂಜುಗಡ್ಡೆ. ಇದನ್ನು ಫ್ರಿಜ್ಜಲ್ಲಿಟ್ಟೋರು ಯಾರು. ಯಜಮಾನರೇ ಮಾವ, ಸೋಡಾ ಪಕ್ಕ ಜೋಪಾನವಾಗಿ ಇಟ್ಟಿದ್ರು. ಚೆನ್ನಾಗಿದೆ ಜೋಪಾನ, ಹಳೇ ಸಪ್ಲೈಯರ್, ಉದ್ದಮೂಗು ಅಂತ ಕರೀತಿದ್ವಲ್ಲ, ಅವನಿದ್ದಿದ್ರೆ ಯಜಮಾನರನ್ನೂ ಬೈತಿದ್ದ, ಕೆಂಪನ್ನ ಚಳಿಗೆ ಹಾಕಬ್ಯಾಡ್ರೋ ಮುದುರಿಕೊಳ್ತದೆ ಅಂತ. ಮುದುಕ ಲೋಟವನ್ನು ಎರಡೂ ಅಂಗೈಯಲ್ಲಿ ತಬ್ಬಿ ಹಿಡಿದ, ಇದೇ ಹೋಟೆಲಿನ ಹಿತ್ತಿಲ ತೊಟ್ಟಿಯಲ್ಲಿ ನಲವತ್ತು ವರ್ಷ ಬಿಸಿನೀರಿನಲ್ಲಿ ಲೋಟ ತೊಳೆದ ಕೈ, ತುಂಬಿದ ಲೋಟ ಹೀಗೆ ಹಿಡಿದದ್ದು ಇದೇ ಮೊದಲು, ಅವನ ಕೈಗೆ ಬರುತ್ತಿದ್ದದ್ದೆಲ್ಲ ಮುಗಿದ ಲೋಟಗಳು, ತಳದಲ್ಲಿ ನೇರಳೆ ಬಣ್ಣದ ಒಂದು ಉಂಗುರ. ಈಗ ಇನ್ನೊಂದು ಗುಟುಕು, ಆಹಾ, ಬಿಗಿದ ಮುಷ್ಟಿ ಬಿಚ್ಚಿದ ಹಾಗೆ, ಹಣ್ಣು ಮುಂದೆ ಬಂತು, ಒಗರು ಹಿಂದೆ ಸರಿದು ಕಂಬದಂತೆ ನಿಂತಿತು, ಯಾರೋ ಕಾಣದ ಊರಿನವರು ಎಷ್ಟು ವರ್ಷ ಕಾದು ಮಾಡಿದ್ದಾರೋ, ಅವರ ಕೈಗೆ ಕೈ ಮುಗಿಯಬೇಕು.

ಹುಳಿ ಹಾಕಿದ ಮೀನು ಮಾಡಿದೀನಿ, ಯಜಮಾನರಿಗೆ ಇಷ್ಟ, ಅದನ್ನೇ ಕಳಿಸ್ಲಾ, ಅವಳು ಮೀನಿನ ಪಾತ್ರೆಯ ಮುಚ್ಚಳ ತೆಗೆದಳು. ಮೀನು ಒಂದು ತುಂಡು, ಮೇಲೊಂದು ಗುಟುಕು — ಥೂ, ತುಕ್ಕು ಹಿಡಿದ ಮೊಳೆ ನೆಕ್ಕಿದಂತೆ. ಬೇಡ ಕಣಮ್ಮ, ಹಿಂದಿನ ಒಲೆಯಲ್ಲಿ ಏನಿದೆ. ಕುರಿ ಮಾಂಸ, ಬೆಳಿಗ್ಗೆಯಿಂದ ಬೇಯ್ತಿದೆ, ಅಣಬೆ, ಈರುಳ್ಳಿ, ಅಷ್ಟೇ, ಅದು ಕೆಲಸದೋರಿಗೆ. ಕೊಡು. ಎಲುಬಿನಿಂದ ತಾನೇ ಕಳಚಿದ ಮಾಂಸ, ಕೊಬ್ಬು ನಾಲಿಗೆಗೆ ಸವರಿಕೊಂಡಿತು, ಅದರ ಮೇಲೆ ವೈನು — ಒಗರು ಎಲ್ಲಿ ಹೋಯಿತು, ಹುಡುಕಿದರೂ ಇಲ್ಲ, ಅಣಬೆಯ ಮಣ್ಣುಗಂಪು ಹೋಗಿ ಆ ಪೆನ್ಸಿಲ್ಲಿನ ಕಂಪಿನ ಹೆಗಲ ಮೇಲೆ ಕೈ ಹಾಕಿದೆ. ಇದೇ ಕಳಿಸು. ಖಂಡಿತಾನಾ ಮಾವ. ಮೀನಿನ ತಟ್ಟೆ ಜೊತೆ ಕೆಂಪು ಲೋಟ ಯಾವಾಗ್ಲೂ ಅರ್ಧ ತುಂಬಿ ವಾಪಸ್ ಬರ್ತಿತ್ತು, ಎಲುಬಿನ ತಟ್ಟೆ ಜೊತೆ ಬಂದ್ರೆ ತಳದಲ್ಲಿ ಉಂಗುರ ಮಾತ್ರ. ಅಂದ್ರೆ ಎಂಜಲು ನೋಡಿ ಪಂಡಿತರಾದ್ರಿ, ಸೊಸೆ ನಕ್ಕಳು, ನಕ್ಕವಳು ತಟ್ಟೆಗೆ ಬಡಿಸುತ್ತಾ ಒಮ್ಮೆಲೇ ನಿಂತಳು, ನಿಮಗೆ ಗೊತ್ತಿತ್ತು ಅಲ್ವಾ, ಯಾವಾಗಿಂದ. ಹಾಲು ಸೀದ ದಿನದಿಂದ. ಯಾಕೆ ಹೇಳ್ಲಿಲ್ಲ. ಹೇಳೋಕೆ ನೀನೆಲ್ಲಿ ತಪ್ಪಿದೆ. ಅವಳು ಸೆರಗಿನಿಂದ ತಟ್ಟೆಯ ಅಂಚು ಒರೆಸಿದಳು, ಆಮೇಲೆ ಕಣ್ಣು.

ತಟ್ಟೆ ಹೋಯಿತು, ಅವನು ಅಂಗೈಯಲ್ಲಿ ಚಳಿ ಬಿಡಿಸಿದ ಇನ್ನೊಂದು ಲೋಟ ಹೋಯಿತು, ಗೋಡೆಯ ಕಿಂಡಿಯ ಆಚೆ ಚಮಚದ ಸದ್ದು, ಆಮೇಲೆ ಅದು ನಿಂತಿತು, ಅವಳು ಒಲೆಯ ಪಕ್ಕ ನಿಂತು ಅದನ್ನೂ ಕಿವಿಯಿಂದಲೇ ಅಳೆಯುತ್ತಿದ್ದಾಳೆ, ಕೊನೆಗೆ ಕಿಂಡಿಯಲ್ಲಿ ಟ್ರೇ ಬಂತು, ನೀವೇ ನೋಡಿ ಮಾವ ಎಂದು ಮುಖ ತಿರುಗಿಸಿದಳು, ಎಲುಬು ಬೋಳು, ಅದು ಇರಲಿ, ಮುದುಕ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿದ, ನಲವತ್ತು ವರ್ಷ ಎತ್ತಿದಂತೆಯೇ, ತೊಳೆಯಲು ಮಾತ್ರ ಮನಸ್ಸು ಬರುತ್ತಿಲ್ಲ, ತಳದಲ್ಲಿ ತೆಳ್ಳಗೆ, ನೇರಳೆ ಬಣ್ಣದ್ದು, ಉಂಗುರ, ಒಂದು ಉಂಗುರ, ಉಂಗುರ