ಬಿಲ್ಕೀಸ್ ಆಂಟಿಯ ಆಲದ ಮರ

ಗುಲ್ಷನ್ ಫೋನ್ ಮಾಡಿದಾಗ ಸುಕನ್ಯ ಆಫೀಸಿನಲ್ಲಿದ್ದಳು.

"ಅಕ್ಕಾ, ಅಮ್ಮಿ ಕುಂಡಗಳೆಲ್ಲ ಒಣಗೋದ್ವು. ಆಲದ ಮರ ಒಂದರಲ್ಲಿ ಸ್ವಲ್ಪ ಜೀವ ಇರೋ ಹಾಗಿದೆ. ತಗೊಂಡ್ಹೋಗಿ ಏನಾದ್ರೂ ಮಾಡ್ತೀರಾ? ಅಮ್ಮಿಗೆ ಇನ್ನು ಜಾಸ್ತಿ ಅಂದ್ರೆ ಒಂದು ತಿಂಗಳು ಅಂದಿದ್ದಾರೆ ಡಾಕ್ಟ್ರು."

ಬಿಲ್ಕೀಸ್ ಆಂಟಿ ಕುಕ್ ಟೌನಿನ ತಮ್ಮ ಮನೆಯ ವರಾಂಡದಲ್ಲಿ ನಾಲ್ಕೈದು ಹೆಂಗಸರಿಗೆ ಬೋನ್ಸಾಯ್ ಕಲಿಸುತ್ತಿದ್ದರು. ಗಂಡನ ಮನೆ ಬಿಟ್ಟು ಬಂದ ವರ್ಷ, ನೆಂಟರ ಮಾತು ತಪ್ಪಿಸಿಕೊಳ್ಳಲು ಸುಕನ್ಯ ಅಲ್ಲಿಗೆ ಹೋಗತೊಡಗಿದ್ದಳು. ಆಂಟಿ ಏನನ್ನೂ ಕೇಳಲಿಲ್ಲ. ಕೈಗೆ ಕತ್ತರಿ ಕೊಟ್ಟು, "ಇಲ್ಲಿ ಕತ್ತರ್ಸು ಬೇಟಿ, ಹೆದರ್ಬೇಡ" ಎಂದರು. ಅಷ್ಟೇ. ಏಳು ವರ್ಷ ಅವಳು ಹೋಗುತ್ತಲೇ ಇದ್ದಳು. ಆಮೇಲೆ ಹಾಸನಕ್ಕೆ ವರ್ಗವಾಯಿತು, ಇತ್ತ ಆಂಟಿಗೆ ಲಕ್ವ ಹೊಡೆಯಿತು. ಮಗಳು ಗುಲ್ಷನ್‌ಗೆ ತಾಯಿಯ ಆರೈಕೆಯಲ್ಲೇ ದಿನ ಮುಗಿಯುತ್ತಿತ್ತು. ಹಿತ್ತಲ ಕುಂಡಗಳಿಗೆ ನೀರು ಹಾಕುವವರಿರಲಿಲ್ಲ.

1999ರ ಡಿಸೆಂಬರಿನಲ್ಲಿ, ಬೆಂಗಳೂರಿಗೆ ವಾಪಸಾದ ಹದಿನೈದೇ ದಿನಕ್ಕೆ, ಸುಕನ್ಯ ಆ ಮರವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಇಂದಿರಾನಗರದ ತನ್ನ ಮನೆಗೆ ತಂದಳು. ಆಂಟಿ ಮದುವೆಯಾದ ವರ್ಷ ನೆಟ್ಟದ್ದು ಅದು. ಮೊಳ ಎತ್ತರ, ಮುದುಕನ ಮೊಣಕಾಲಿನಂಥ ಕಾಂಡ, ಒಂದೂ ಎಲೆಯಿಲ್ಲ. ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿರಿತ್ತು.

ಏನು ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೊರಗಿದ ಮರಕ್ಕೆ ಒಂದು ಸಲಕ್ಕೆ ಒಂದೇ ಗಾಯ. ಬೇರು ಬಿಡಿಸಿ ಮಣ್ಣು ಬದಲಿಸಿದರೆ, ಕೊಂಬೆ ಕತ್ತರಿಸುವುದು ಮುಂದಿನ ವರ್ಷಕ್ಕೆ. ಬೇರಿನ ಕೆಲಸವೂ ಚಳಿ ಕಳೆದ ಮೇಲೆ. ಆಂಟಿ ಇದನ್ನು ನೂರು ಸಲ ಹೇಳಿದ್ದರು. ಆದರೆ ಆಂಟಿಗೆ ಉಳಿದಿದ್ದು ಒಂದು ತಿಂಗಳು.

ಭಾನುವಾರ ಬೆಳಿಗ್ಗೆ ಕುಂಡದಿಂದ ಮರ ಎತ್ತಿದಳು. ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು, ಬೇರುಗಳು ಕುಂಡದ ಸುತ್ತ ಸುತ್ತಿಕೊಂಡಿದ್ದವು. ಅರ್ಧಕ್ಕರ್ಧ ಬೇರು ತೆಗೆದಳು. ಹೊಸ ಚಿಗುರು ಬೇಗ ಬರಲೆಂದು ಅದೇ ದಿನ ಕೊಂಬೆಗಳನ್ನೂ ಕತ್ತರಿಸಿದಳು. ಆಲದ ಕೊಂಬೆ ಕತ್ತರಿಸಿದರೆ ಹಾಲು ಸುರಿಯಬೇಕು. ಒಂದೆರಡು ಹನಿ ಜಿನುಗಿ ನಿಂತಿತು. ಮರದಲ್ಲಿ ಕಸುವಿಲ್ಲವೆಂದು ಸುಕನ್ಯಳಿಗೆ ತಿಳಿಯಿತು. ಕೈ ಮಾತ್ರ ನಿಲ್ಲಲಿಲ್ಲ. ಕೆಮ್ಮಣ್ಣು, ಮರಳು, ಇಟ್ಟಿಗೆ ಚೂರು ಬೆರೆಸಿ ಹೊಸ ಕುಂಡಕ್ಕೆ ಕೂರಿಸಿದಳು.

ಹದಿನೆಂಟನೇ ದಿನ ಆರು ಚಿಗುರು ಒಡೆದವು. ಸುಕನ್ಯ ಅತ್ತೇಬಿಟ್ಟಳು. ಅವತ್ತೇ ಕುಂಡ ಎತ್ತಿಕೊಂಡು ಕುಕ್ ಟೌನಿಗೆ ಓಡಿದಳು.

ಆಂಟಿ ಚಿಗುರು ನೋಡಿ ಸೊಟ್ಟ ಬಾಯಲ್ಲೇ ನಕ್ಕರು. ಆಡುತ್ತಿದ್ದ ಎಡಗೈಯಿಂದ ಎಲೆ ಮುಟ್ಟಿದರು, ಕತ್ತರಿಸಿದ ಕೊಂಬೆಯ ತುದಿ ಮುಟ್ಟಿದರು, ಹೊಸ ಮಣ್ಣಿಗೆ ಬೆರಳು ಇಳಿಸಿದರು. ನಗು ನಿಂತಿತು.

"ಬೇರೂ... ಕೊಂಬೆನೂ?"

ಸುಕನ್ಯ ಹೌದೆಂದು ತಲೆಯಾಡಿಸಿದಳು.

"ಯಾಕೆ ಬೇಟಿ?"

"ನಿಮಗೆ ಬೇಗ ತೋರಿಸ್ಬೇಕು ಅಂತ, ಆಂಟಿ."

ಹೇಳಿದ ಮೇಲೆ, ನೀವು ಸಾಯುವ ಮೊದಲು ಎಂದಂತಾಯಿತೆಂದು ಅವಳಿಗೇ ಹೊಳೆಯಿತು. ಆಂಟಿ ಗೋಡೆಯ ಕಡೆ ಮುಖ ತಿರುಗಿಸಿದರು.

ಮರ ಮನೆಗೆ ವಾಪಸು ತಂದ ವಾರದೊಳಗೆ ಚಿಗುರು ಕಪ್ಪಾಯಿತು. ಮತ್ತೆ ತೊಗಟೆ ಕೆರೆದಾಗ ಒಳಗೆ ಕಂದು ಬಣ್ಣವಿತ್ತು. ಪ್ಲಾಸ್ಟಿಕ್ ಹೊದಿಸಿದಳು, ನೆರಳಿಗೆ ಇಟ್ಟಳು, ಬಿಸಿಲಿಗೆ ಇಟ್ಟಳು. ಕೆಳಗಿನಿಂದ ಕೆರೆಯುತ್ತಾ ಹೋದರೂ ಎಲ್ಲೂ ಹಸಿರು ಸಿಗಲಿಲ್ಲ.

ಡಾಕ್ಟರು ಹೇಳಿದ್ದ ತಿಂಗಳು ಕಳೆಯಿತು. ಆಂಟಿಗೆ ಏನೂ ಆಗಲಿಲ್ಲ. ಮಾರ್ಚಿನಲ್ಲಿ ಗುಲ್ಷನ್ ಫೋನ್ ಮಾಡಿದಳು. "ಅಕ್ಕಾ, ಅಮ್ಮಿ ಇವತ್ತು ಎದ್ದು ಕೂತ್ರು! ಗಂಜಿ ಅವ್ರೇ ಕುಡಿದ್ರು. ಬನ್ನಿ ಅಕ್ಕಾ, ಮರನೂ ತನ್ನಿ."

"ಬರ್ತೀನಿ" ಎಂದಳು ಸುಕನ್ಯ. ಹೋಗಲಿಲ್ಲ. ಬೇಸಿಗೆಯವರೆಗೆ ಕಾದಿದ್ದರೆ ಮರ ಉಳಿಯುತ್ತಿತ್ತು ಎಂದು ಯಾವ ಬಾಯಲ್ಲಿ ಹೇಳುವುದು? ಆಮೇಲೆ ಗುಲ್ಷನ್‌ಳ ಫೋನನ್ನೂ ತೆಗೆದುಕೊಳ್ಳುವುದು ಬಿಟ್ಟಳು. ಸತ್ತ ಮರಕ್ಕೆ ದಿನಾ ನೀರು ಹಾಕುತ್ತಿದ್ದಳು.

ಆ ಡಿಸೆಂಬರಿನ ನಂತರ ಆಂಟಿ ಹದಿನಾಲ್ಕು ತಿಂಗಳು ಬದುಕಿದರು. ಸುದ್ದಿ ತಿಳಿದು ಸುಕನ್ಯ ಹೋಗುವಷ್ಟರಲ್ಲಿ ಮಣ್ಣು ಮಾಡಿ ಗಂಡಸರು ವಾಪಸು ಬಂದಿದ್ದರು. ಗುಲ್ಷನ್ ಅವಳ ಕೈ ಹಿಡಿದುಕೊಂಡಳು.

"ನನ್ನ ಕ್ಷಮಿಸ್ಬಿಡು ಗುಲ್ಷನ್. ಮರ ಉಳಿಸೋಕಾಗ್ಲಿಲ್ಲ."

"ಅಮ್ಮಿಗೆ ಗೊತ್ತಿತ್ತು ಅಕ್ಕಾ. ಮರದ ಮಾತು ಆಮೇಲೆ ಎತ್ತಲೇ ಇಲ್ಲ. ಸಾಯಂಕಾಲ ಗೇಟ್ ಶಬ್ದ ಆದ್ರೆ ಸಾಕು, 'ಸುಕ್... ಸುಕ್' ಅನ್ನೋರು. ನಿಮ್ಮ ಹೆಸ್ರು ಪೂರ್ತಿ ಬರ್ತಿರ್ಲಿಲ್ಲ."

ಒಳಗೆ ಹೆಂಗಸರು ಕುರಾನ್ ಓದುತ್ತಿದ್ದರು. ಯಾರೋ ಸರಿದು ಜಾಗ ಮಾಡಿಕೊಟ್ಟರು. ಸುಕನ್ಯಳಿಗೆ ಕೂರಲೂ ಆಗಲಿಲ್ಲ, ಹೊರಟು ಹೋಗಲೂ ಆಗಲಿಲ್ಲ.